34 ಲಕ್ಷದ ಫ್ಯಾನ್ಸಿ ನಂಬರ್‌ಗೆ ದಾರಿಯಿದೆ. ಯೋಧರ ಪತ್ನಿಯರ ಗೌರವಕ್ಕೆ ಒಂದು ನಂಬರ್ ಪ್ಲೇಟ್ ಸಾಧ್ಯವೇ?

ಅಹಮದಾಬಾದ್ ಆರ್‌ಟಿಒದ ಆನ್‌ಲೈನ್ ಹರಾಜಿನಲ್ಲಿ 2020ರ ನವೆಂಬರ್‌ನಲ್ಲಿ ಯುವ ಸಾರಿಗೆ ಉದ್ಯಮಿಯೊಬ್ಬರು ತಮ್ಮ ಹೊಸ ಎಸ್‌ಯುವಿಗೆ 007 ಸಂಖ್ಯೆ ಬೇಕೆಂದು 34 ಲಕ್ಷ ರೂಪಾಯಿ ಕೂಗಿ ದೇಶದಾದ್ಯಂತ ಸುದ್ದಿಯಾಗಿದ್ದರು. ಹರಾಜಿನ ಮೂಲಬೆಲೆ ಇದ್ದದ್ದು ಕೇವಲ 25 ಸಾವಿರ. ಆ ಕಾರಿನ ಬೆಲೆಯೇ 40 ಲಕ್ಷದ ಆಸುಪಾಸು. ಅಂದರೆ ನಂಬರ್ ಪ್ಲೇಟಿನ ನಾಲ್ಕು ಅಂಕಿಗೆ ಇನ್ನೊಂದು ಕಾರಿನಷ್ಟು ಹಣ!

ಗುಜರಾತಿನ ನಗರಗಳಲ್ಲಿ ಇದು ಹೊಸದಲ್ಲ. ಅಹಮದಾಬಾದ್‌ನ ಜಿಜೆ-01, ಸೂರತ್‌ನ ಜಿಜೆ-05, ವಡೋದರಾದ ಜಿಜೆ-06 ಸರಣಿಗಳಲ್ಲಿ ಹೊಸ ಅಕ್ಷರಗಳ ಸಾಲು ತೆರೆದಾಗಲೆಲ್ಲ 1, 7, 9, 1111, 9999ರಂತಹ ಸಂಖ್ಯೆಗಳಿಗೆ ಪೈಪೋಟಿ ನಡೆಯುತ್ತದೆ. ಗೋಲ್ಡನ್, ಸಿಲ್ವರ್ ಎಂದು ಸಂಖ್ಯೆಗಳಿಗೇ ದರ್ಜೆ ಇದೆ. ಹಳೆಯ ವಾಹನದ ಅದೃಷ್ಟ ಸಂಖ್ಯೆಯನ್ನು ಹೊಸ ವಾಹನಕ್ಕೆ ಉಳಿಸಿಕೊಳ್ಳುವ ಅವಕಾಶವನ್ನೂ ಸರ್ಕಾರ ಕೊಟ್ಟಿದೆ.

ಹಣವಿದ್ದವರ ಆಸೆಗೆ ಇಷ್ಟು ವ್ಯವಸ್ಥೆ ಇರುವ ಜಾಗದಲ್ಲಿ ಒಂದು ಪ್ರಶ್ನೆ ಸಹಜ. ದೇಶಕ್ಕಾಗಿ ದುಡಿದ ಅಥವಾ ಮಡಿದ ಸೈನಿಕನ ಸಂಗಾತಿಗೆ ಗೌರವ ಸೂಚಿಸುವ ಒಂದು ನಂಬರ್ ಪ್ಲೇಟ್ ಏಕಿಲ್ಲ? ಅಮೆರಿಕದ ಹಲವು ರಾಜ್ಯಗಳಲ್ಲಿ ಇದೆ. ಭಾರತದಲ್ಲಿ ಅಂತಹ ಫಲಕ ಎಲ್ಲಿಯೂ ಇಲ್ಲ. ಅಹಮದಾಬಾದ್, ವಡೋದರಾ, ಸೂರತ್‌ನಲ್ಲೂ ಇಲ್ಲ, ಬೆಂಗಳೂರು, ಮಡಿಕೇರಿಯಲ್ಲೂ ಇಲ್ಲ. ಇರಬೇಕೇ ಎಂಬುದು ಕೇಳಲು ಸುಲಭದ ಪ್ರಶ್ನೆ. ಆದರೆ ಅದರ ಬೆನ್ನು ಹತ್ತಿದರೆ ಯೋಧರ ಪತ್ನಿಯರನ್ನು ನಮ್ಮ ವಾಹನ ಕಾನೂನು ಹೇಗೆ ನೋಡುತ್ತದೆ, ಎಲ್ಲಿ ನೋಡುವುದೇ ಇಲ್ಲ ಎಂಬುದು ಒಂದೊಂದಾಗಿ ತೆರೆದುಕೊಳ್ಳುತ್ತದೆ.

ಅಮೆರಿಕದಲ್ಲಿ ಏನಿದೆ?

ಮೊದಲ ಮಹಾಯುದ್ಧದ ಕಾಲದಲ್ಲಿ ಮನೆಯಿಂದ ಯಾರಾದರೂ ಸೇನೆಗೆ ಹೋಗಿದ್ದರೆ ಕಿಟಕಿಯಲ್ಲಿ ನೀಲಿ ನಕ್ಷತ್ರದ ಬಾವುಟ ತೂಗುಹಾಕುವ ಪದ್ಧತಿ ಅಮೆರಿಕದಲ್ಲಿ ಶುರುವಾಯಿತು. ಅವರು ಮಡಿದರೆ ನೀಲಿಯ ಜಾಗಕ್ಕೆ ಚಿನ್ನದ ಬಣ್ಣದ ನಕ್ಷತ್ರ. ‘ಗೋಲ್ಡ್ ಸ್ಟಾರ್’ ಕುಟುಂಬ ಎಂಬ ಹೆಸರು ಬಂದದ್ದು ಅಲ್ಲಿಂದ. ಮುಂದೆ ಇದೇ ನಕ್ಷತ್ರ ಕಾರಿನ ನಂಬರ್ ಪ್ಲೇಟಿಗೂ ಬಂತು. ಮಡಿದ ಸೈನಿಕರ ಪತ್ನಿ ಅಥವಾ ಪತಿ, ತಂದೆತಾಯಿ ಇದನ್ನು ಪಡೆಯಬಹುದು. ಟೆಕ್ಸಾಸ್‌ನಂತಹ ರಾಜ್ಯಗಳಲ್ಲಿ ಯುದ್ಧದಲ್ಲಿ ಅಂಗವಿಕಲರಾಗಿ ನಂತರ ತೀರಿಕೊಂಡ ಸೈನಿಕರ ಸಂಗಾತಿಗೂ ಪ್ರತ್ಯೇಕ ಫಲಕವಿದೆ.

ಅಲ್ಲಿ ಇದು ಸಾಧ್ಯವಾಗಿರುವುದಕ್ಕೆ ಒಂದು ಕಾರಣ, ನಂಬರ್ ಪ್ಲೇಟಿನ ವಿನ್ಯಾಸ ಆಯಾ ರಾಜ್ಯದ ಕೈಯಲ್ಲಿದೆ. ವಿಶ್ವವಿದ್ಯಾಲಯ, ಫುಟ್‌ಬಾಲ್ ತಂಡ, ವನ್ಯಜೀವಿ ಸಂರಕ್ಷಣೆ, ಏನು ಬೇಕಾದರೂ ಫಲಕದ ಮೇಲೆ ಬರಬಹುದು. ಇದರಿಂದ ತಲೆನೋವೂ ಬಂದಿದೆ. ಅಂತರ್ಯುದ್ಧದ ಕಾಲದ ಕಾನ್‌ಫೆಡರೇಟ್ ಬಾವುಟವಿರುವ ಫಲಕ ಬೇಕೆಂದು ಟೆಕ್ಸಾಸ್‌ನ ಸಂಘಟನೆಯೊಂದು ಹಟ ಹಿಡಿದಾಗ ವಿಷಯ ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ನಂಬರ್ ಪ್ಲೇಟಿನ ಮೇಲಿನ ಮಾತು ವಾಹನ ಮಾಲೀಕನ ಮಾತಲ್ಲ, ಅದು ಸರ್ಕಾರದ ಮಾತು, ಹಾಗಾಗಿ ಬೇಡವೆನ್ನುವ ಹಕ್ಕು ಸರ್ಕಾರಕ್ಕಿದೆ ಎಂದು 2015ರ ಜೂನ್‌ನಲ್ಲಿ 5-4ರ ಬಹುಮತದಿಂದ ತೀರ್ಪು ಬಂತು.

ಈ ತೀರ್ಪು ನಮ್ಮ ಚರ್ಚೆಗೂ ಉಪಯುಕ್ತ. ಕಾರಿನ ಹಿಂದೆ ಮಾಲೀಕರೇ ಅಂಟಿಸಿಕೊಂಡ ಸ್ಟಿಕ್ಕರ್‌ಗೂ ಸರ್ಕಾರ ಕೊಟ್ಟ ಫಲಕಕ್ಕೂ ಇರುವ ವ್ಯತ್ಯಾಸ ಇದೇ. ಸರ್ಕಾರವೇ ‘ಇವರಿಗೆ ನಾವು ಋಣಿ’ ಎಂದು ಅಲ್ಯೂಮಿನಿಯಂ ಮೇಲೆ ಬರೆದುಕೊಟ್ಟ ಹಾಗೆ.

ನಮ್ಮ ಫಲಕದಲ್ಲಿ ಜಾಗವೇ ಇಲ್ಲ

ಭಾರತದಲ್ಲಿ ನಂಬರ್ ಪ್ಲೇಟಿನ ಅಳತೆ, ಬಣ್ಣ, ಅಕ್ಷರದ ಎತ್ತರ ಎಲ್ಲವೂ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಿಗದಿಯಾಗಿವೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಡ್ಡಾಯವಾದ ಎಚ್‌ಎಸ್‌ಆರ್‌ಪಿ ಫಲಕದಲ್ಲಿ ಅಶೋಕ ಚಕ್ರದ ಹಾಲೋಗ್ರಾಂ, ನೀಲಿ ಬಣ್ಣದ ‘ಐಎನ್‌ಡಿ’, ಲೇಸರ್‌ನಲ್ಲಿ ಕೊರೆದ 10 ಅಂಕಿಗಳ ಗುರುತು ಸಂಖ್ಯೆ ಇರುತ್ತವೆ. ಇವುಗಳ ಜೊತೆ ನೋಂದಣಿ ಸಂಖ್ಯೆ, ಅಷ್ಟೇ. ಕರ್ನಾಟಕದ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಳೆಯ ವಾಹನಗಳಿಗೂ ಇದೇ ಫಲಕ ಹಾಕಿಸಲು 2023ರ ನವೆಂಬರ್ 17ರ ಗಡುವು ಕೊಟ್ಟು, ಅದನ್ನು ಮತ್ತೆ ಮತ್ತೆ ಮುಂದೂಡಿದ್ದು ಎಲ್ಲರಿಗೂ ನೆನಪಿದೆ. ಗುಜರಾತ್ ಈ ಕೆಲಸಕ್ಕೆ ಕರ್ನಾಟಕಕ್ಕಿಂತ ವರ್ಷಗಳ ಮೊದಲೇ ಕೈ ಹಾಕಿತ್ತು.

ನಮ್ಮಲ್ಲಿ ಫಲಕಗಳ ನಡುವೆ ಭೇದವಿಲ್ಲ ಎಂದಲ್ಲ. ಖಾಸಗಿ ವಾಹನಕ್ಕೆ ಬಿಳಿ, ಬಾಡಿಗೆ ವಾಹನಕ್ಕೆ ಹಳದಿ, ವಿದ್ಯುತ್ ವಾಹನಕ್ಕೆ ಹಸಿರು, ರಾಯಭಾರ ಕಚೇರಿಗಳಿಗೆ ನೀಲಿ. ಸೇನೆಯ ವಾಹನಗಳದ್ದು ಬೇರೆಯೇ ಲೋಕ. ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್ ಪ್ರಕಾರ ಅವುಗಳ ನೋಂದಣಿ ಆರ್‌ಟಿಒ ಬಾಗಿಲಿಗೆ ಬರುವುದೇ ಇಲ್ಲ. ಮೇಲ್ಮುಖ ಬಾಣ, ಖರೀದಿಸಿದ ವರ್ಷದ ಎರಡು ಅಂಕಿ, ಸಂಕೇತಾಕ್ಷರ ಇರುವ ಆ ಫಲಕ ಸೇನೆಯ ಆಸ್ತಿಗೆ ಮಾತ್ರ. ಜನರಲ್ ಆಗಿದ್ದರೂ ಸ್ವಂತ ಕಾರಿಗೆ ಅದನ್ನು ಹಾಕುವಂತಿಲ್ಲ.

ಅಂದರೆ ಭಾರತದ ನಂಬರ್ ಪ್ಲೇಟ್ ವಾಹನ ಏನಕ್ಕೆ ಬಳಕೆಯಾಗುತ್ತದೆ, ಯಾವುದರಿಂದ ಓಡುತ್ತದೆ ಎಂದು ಹೇಳುತ್ತದೆ. ಓಡಿಸುವವರು ಯಾರು, ಅವರ ಮನೆಯಲ್ಲಿ ಏನಾಗಿದೆ ಎಂದು ಹೇಳುವುದಿಲ್ಲ. ಈ ಗೆರೆ ದಾಟಿದ ಒಂದೇ ಒಂದು ಸರಣಿ ಇದೆ.

ಬಿಎಚ್ ಸರಣಿ: ಗಂಡನಿಗೆ ಸಿಗುತ್ತದೆ, ಹೆಂಡತಿಯ ಸ್ಕೂಟರ್‌ಗೆ ಇಲ್ಲ

2021ರ ಆಗಸ್ಟ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಭಾರತ್ ಸರಣಿಯನ್ನು ಪ್ರಕಟಿಸಿತು. ಸೆಪ್ಟೆಂಬರ್ 15ರಿಂದ ಅದು ಜಾರಿಗೆ ಬಂತು. ರಾಜ್ಯದ ಸಂಕೇತದ ಬದಲು ನೋಂದಣಿ ವರ್ಷ, ಬಿಎಚ್, ನಾಲ್ಕು ಅಂಕಿ, ಎರಡು ಅಕ್ಷರ. ಅರ್ಹರ ಪಟ್ಟಿಯಲ್ಲಿ ರಕ್ಷಣಾ ಸಿಬ್ಬಂದಿ, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ವಲಯದ ಸಂಸ್ಥೆಗಳವರು, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಗಳ ನೌಕರರು ಇದ್ದಾರೆ. ಮಾಲೀಕರು ಯಾರು ಎಂಬುದನ್ನು ನೋಡಿ ಕೊಡುವ ಫಲಕ ಇದು.

ಉದ್ದೇಶ ಒಳ್ಳೆಯದೇ. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು ಎನ್ನುತ್ತದೆ ಕಾಯ್ದೆಯ 47ನೇ ಸೆಕ್ಷನ್. ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಸೈನಿಕರಿಗೆ ಇದು ನಿತ್ಯದ ಗೋಳು. ಬಿಎಚ್ ಫಲಕವಿದ್ದರೆ ಆ ಗೋಳಿಲ್ಲ. ತೆರಿಗೆಯನ್ನೂ ಒಮ್ಮೆಗೇ ಕಟ್ಟಬೇಕಿಲ್ಲ. 10 ಲಕ್ಷಕ್ಕಿಂತ ಕಡಿಮೆ ಬೆಲೆಯ ವಾಹನಕ್ಕೆ ಶೇ 8, 20 ಲಕ್ಷದವರೆಗೆ ಶೇ 10, ಅದರ ಮೇಲೆ ಶೇ 12ರ ಲೆಕ್ಕದಲ್ಲಿ ಎರಡೆರಡು ವರ್ಷದ ಕಂತು. 14 ವರ್ಷ ಕಳೆದ ಮೇಲೆ ಅರ್ಧದಷ್ಟು ಮೊತ್ತವನ್ನು ವರ್ಷಕ್ಕೊಮ್ಮೆ ಕಟ್ಟಬೇಕು. 2022ರ ಡಿಸೆಂಬರ್‌ನ ತಿದ್ದುಪಡಿಯಿಂದ ಸಾಮಾನ್ಯ ನೋಂದಣಿ ಇರುವ ವಾಹನವನ್ನೂ ಬಿಎಚ್‌ಗೆ ಬದಲಿಸಿಕೊಳ್ಳಬಹುದು.

ಆದರೆ ಅರ್ಹತೆ ನಿರ್ಧಾರವಾಗುವುದು ವಾಹನದ ಮಾಲೀಕರ ಉದ್ಯೋಗದಿಂದ. ವಡೋದರಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಗರದ ಫತೇಗಂಜ್‌ನಲ್ಲಿ ಸೇನೆಯ ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆ ಇದೆ. ಅಲ್ಯೂಮಿನಿಯಂ ತಗಡು ಹೊದ್ದ ಅಲ್ಲಿನ ದಕ್ಷಿಣಾಮೂರ್ತಿ ದೇವಸ್ಥಾನವನ್ನು ನೋಡಲು ಪ್ರವಾಸಿಗರೂ ಹೋಗುತ್ತಾರೆ. ದೇಶದ ಎಲ್ಲ ಭಾಗಗಳ ಸೈನಿಕರು ತರಬೇತಿಗೆ, ಬೋಧನೆಗೆ ಅಲ್ಲಿಗೆ ಬರುತ್ತಾರೆ, ಹೋಗುತ್ತಾರೆ. ಬೆಳಗಾವಿಯ ಸೈನಿಕರೊಬ್ಬರು ಸಂಸಾರ ಸಮೇತ ಅಲ್ಲಿರುವಾಗ ಪತ್ನಿ ತನ್ನ ಹೆಸರಿನಲ್ಲಿ ಒಂದು ಸ್ಕೂಟರ್ ಖರೀದಿಸುತ್ತಾರೆ ಎಂದಿಟ್ಟುಕೊಳ್ಳಿ. ಗುಜರಾತಿನ ಮೂರೂ ನಗರಗಳಲ್ಲಿ ಹೆಂಗಸರ ಮುಖ್ಯ ವಾಹನವೇ ಸ್ಕೂಟರ್. ಮುಖಕ್ಕೆ ದುಪಟ್ಟಾ ಸುತ್ತಿ, ಉದ್ದ ಕೈಗವಸು ತೊಟ್ಟು ಹೊರಟ ಮಹಿಳೆಯರು ಅಲ್ಲಿನ ಪ್ರತಿ ಸಿಗ್ನಲ್‌ನಲ್ಲೂ ಕಾಣುತ್ತಾರೆ.

ಗಂಡನ ಕಾರಿಗೆ ಬಿಎಚ್ ಸಿಕ್ಕೀತು. ಆಕೆಯ ಸ್ಕೂಟರ್‌ಗೆ ಗಂಡನ ಸೇನಾ ಗುರುತಿನ ಚೀಟಿ ತೋರಿಸಿ ಬಿಎಚ್ ಪಡೆಯಲು ಬರುವುದಿಲ್ಲ. ಅದು ಜಿಜೆ-06 ಆಗಿಯೇ ಉಳಿಯುತ್ತದೆ. ಗಂಡನಿಗೆ ಗಡಿ ಭಾಗಕ್ಕೆ ವರ್ಗವಾಗಿ ಆಕೆ ಮಕ್ಕಳೊಂದಿಗೆ ಬೆಳಗಾವಿಗೆ ಮರಳಿದರೆ ವಡೋದರಾ ಆರ್‌ಟಿಒದಿಂದ 28ನೇ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ತರಬೇಕು, ಬೆಳಗಾವಿಯಲ್ಲಿ 27ನೇ ನಮೂನೆಯಲ್ಲಿ ಹೊಸ ಸಂಖ್ಯೆಗೆ ಅರ್ಜಿ ಹಾಕಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು, ನಂತರ ಗುಜರಾತಿನಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳಬೇಕು. ಗುಜರಾತಿನಲ್ಲಿ ಖಾಸಗಿ ವಾಹನಕ್ಕೆ ಇರುವ ತೆರಿಗೆ ದರ ಶೇ 6. ಕರ್ನಾಟಕದಲ್ಲಿ ಕಾರಿನ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಇದ್ದು, ಸೆಸ್ ಬೇರೆ. ವಾಹನದ ವಯಸ್ಸು ನೋಡಿ ಒಂದಿಷ್ಟು ಕಡಿತ ಸಿಗುತ್ತದೆ, ಆದರೂ ವ್ಯತ್ಯಾಸ ಸಣ್ಣದಲ್ಲ. ಸೈನಿಕನ ವರ್ಗಾವಣೆಯ ಖರ್ಚು ಸಂಸಾರದ ಎರಡನೇ ವಾಹನದ ಮೇಲೆ, ಅಂದರೆ ಸಾಮಾನ್ಯವಾಗಿ ಹೆಂಡತಿಯ ವಾಹನದ ಮೇಲೆ ಬೀಳುವುದು ಹೀಗೆ.

ನಿವೃತ್ತರಾದವರಿಗೂ ಈ ಪಟ್ಟಿಯಲ್ಲಿ ಜಾಗವಿಲ್ಲ. ಸೇವೆಯಲ್ಲಿರುವಾಗ ಪಡೆದ ಫಲಕ ಇರಬಹುದು, ನಿವೃತ್ತಿಯ ನಂತರ ಹೊಸ ಕಾರು ಕೊಂಡರೆ ಎಲ್ಲರ ಸಾಲಿನಲ್ಲಿ ನಿಲ್ಲಬೇಕು. ಇನ್ನು ಮಾಜಿ ಸೈನಿಕನ ಪತ್ನಿಯ ಮಾತೆಲ್ಲಿ?

ಮೂರು ನಗರ, ಮೂರು ನಂಟು

ಗುಜರಾತ್ ಎಂದರೆ ವ್ಯಾಪಾರ, ಸೇನೆ ಎಂದರೆ ಪಂಜಾಬ್, ಹರಿಯಾಣ, ಕೊಡಗು ಎಂಬ ಮಾತು ಸಾಮಾನ್ಯ. ಇದು ಪೂರ್ತಿ ಸರಿಯಲ್ಲ. ಅಹಮದಾಬಾದ್‌ನ ಶಾಹಿಬಾಗ್ ಬಳಿಯ ದಂಡು ಪ್ರದೇಶ ಬ್ರಿಟಿಷರ ಕಾಲದ್ದು. ಸೇನೆಯ ‘ಗೋಲ್ಡನ್ ಕಟಾರ್’ ವಿಭಾಗದ ನೆಲೆ ಅಲ್ಲಿದೆ. ಪಕ್ಕದ ಗಾಂಧಿನಗರದಲ್ಲಿ ವಾಯುಪಡೆಯ ನೈಋತ್ಯ ಕಮಾಂಡ್‌ನ ಕೇಂದ್ರ ಕಚೇರಿ ಇದೆ. ವಡೋದರಾದಲ್ಲಿ ವಾಯುನೆಲೆ ಇದೆ.

ವಜ್ರ ಮತ್ತು ಬಟ್ಟೆಯ ಊರಾದ ಸೂರತ್‌ಗೆ ಸೈನಿಕರೊಂದಿಗೆ ಇರುವ ನಂಟು ಬೇರೆ ಬಗೆಯದು. ಅದು ಕೊಡುಗೈಯ ನಂಟು. 1999ರ ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ ಅಲ್ಲಿ ಹುಟ್ಟಿಕೊಂಡ ಜೈ ಜವಾನ್ ನಾಗರಿಕ ಸಮಿತಿ ಊರಿನವರಿಂದ ಹಣ ಸಂಗ್ರಹಿಸಿ ಹುತಾತ್ಮರ ಕುಟುಂಬಗಳಿಗೆ ನೆರವು ಕೊಡುತ್ತಾ ಬಂದಿದೆ. ಸಾರ್ವಜನಿಕ ಗೌರವ ಏನೆಂದು ಸೂರತ್‌ಗೆ ಗೊತ್ತು. ಆದರೆ ಅದು ವೇದಿಕೆಯ ಗೌರವ. ಕಾರ್ಯಕ್ರಮ ಮುಗಿದ ಮರುದಿನ ಅದೇ ಮಹಿಳೆ ಕಚೇರಿಯ ಕಿಟಕಿಯ ಮುಂದೆ ಕಾಗದ ಹಿಡಿದು ನಿಲ್ಲುವಾಗ ಆಕೆ ಯಾರೆಂದು ಯಾರಿಗೂ ತಿಳಿದಿರುವುದಿಲ್ಲ.

2022ರ ಸೆಪ್ಟೆಂಬರ್‌ನಲ್ಲಿ ಗಾಂಧಿನಗರದಲ್ಲಿ ಮಾಜಿ ಸೈನಿಕರು ಬೀದಿಗಿಳಿದಿದ್ದರು. ಪ್ರತಿಭಟನೆಯ ನಡುವೆ ವಯಸ್ಸಾದ ಮಾಜಿ ಸೈನಿಕರೊಬ್ಬರು ಮೃತಪಟ್ಟರು. ಲಾಠಿ ಏಟಿನಿಂದ ಎಂದು ಸಂಗಾತಿಗಳು ಆರೋಪಿಸಿದರೆ, ಪೊಲೀಸರು ಅಲ್ಲಗಳೆದರು. ಹುತಾತ್ಮರ ಕುಟುಂಬಕ್ಕೆ 1 ಕೋಟಿ ರೂಪಾಯಿ ನೆರವು, ಜಮೀನು, ಉದ್ಯೋಗದಲ್ಲಿ ಮೀಸಲಾತಿ ಅವರ ಬೇಡಿಕೆಗಳ ತಿರುಳಾಗಿತ್ತು. ವಿಧಾನಸಭೆ ಚುನಾವಣೆಗೆ ಕೆಲವೇ ತಿಂಗಳಿದ್ದ ಆ ಹೊತ್ತಿನಲ್ಲಿ ನೆರವಿನ ಮೊತ್ತವನ್ನು 1 ಕೋಟಿಗೆ ಏರಿಸುವುದಾಗಿ ಸರ್ಕಾರ ಘೋಷಿಸಿತು. ನಂಬರ್ ಪ್ಲೇಟಿನ ಬಗ್ಗೆ ಮಾತಾಡುವವರು ಈ ಹಿನ್ನೆಲೆಯನ್ನು ಮರೆಯುವಂತಿಲ್ಲ. ಸರ್ಕಾರಗಳಿಗೆ ಫಲಕ ಅಗ್ಗದ ಬಾಬ್ತು. ಜಮೀನು, ಉದ್ಯೋಗ ದುಬಾರಿ. ಒಂದನ್ನು ಕೊಟ್ಟು ಇನ್ನೊಂದನ್ನು ಮುಂದೂಡುವುದು ಯಾವ ಪಕ್ಷದ ಸರ್ಕಾರಕ್ಕೂ ಕಷ್ಟದ ಕೆಲಸವಲ್ಲ.

ಯಾರ ಹೆಸರಿಗೆ ಕೊಡುವುದು?

ಫಲಕ ಕೊಡಲು ಸರ್ಕಾರ ಒಪ್ಪಿತು ಎಂದೇ ಇಟ್ಟುಕೊಳ್ಳೋಣ. ‘ಸೈನಿಕನ ಸಂಗಾತಿ’ ಎಂದರೆ ಯಾರು?

ಯುದ್ಧ ಅಥವಾ ಕಾರ್ಯಾಚರಣೆಯಲ್ಲಿ ಮಡಿದವರ ಪತ್ನಿಯನ್ನು ಸೇನೆ ‘ವೀರ ನಾರಿ’ ಎಂದು ಕರೆಯುತ್ತದೆ. ಸೇವೆಯಲ್ಲಿದ್ದಾಗ ಕಾಯಿಲೆಯಿಂದ ತೀರಿಕೊಂಡವರ ಅಥವಾ ನಿವೃತ್ತಿಯ ನಂತರ ತೀರಿಕೊಂಡವರ ಪತ್ನಿಗೆ ಆ ಹೆಸರಿಲ್ಲ, ಆಕೆ ಕಡತದಲ್ಲಿ ಬರೀ ‘ವಿಧವೆ’. ಬದುಕಿರುವ ಮಾಜಿ ಸೈನಿಕನ ಪತ್ನಿಗೆ ಇಸಿಎಚ್‌ಎಸ್ ಚಿಕಿತ್ಸೆ ಸಿಗುತ್ತದೆ, ಕ್ಯಾಂಟೀನ್ ಸೌಲಭ್ಯವಿದೆ, ಹೆಸರಿಲ್ಲ. ಸೇನೆಯಲ್ಲಿ ಮಹಿಳಾ ಅಧಿಕಾರಿಗಳಿಗೆ ಶಾಶ್ವತ ಸೇವೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಹೇಳಿದ ಮೇಲೆ ‘ಯೋಧೆಯ ಪತಿ’ ಎಂಬ ವರ್ಗವೂ ಬೆಳೆಯುತ್ತಿದೆ. ವೀರ ನಾರಿ ಎಂಬ ಪದಕ್ಕೆ ಪುಲ್ಲಿಂಗ ರೂಪವನ್ನು ಇನ್ನೂ ಯಾರೂ ಹುಡುಕಿಲ್ಲ!

ಇನ್ನೊಂದು ಗಡಿರೇಖೆ ಇದಕ್ಕಿಂತ ಕಠಿಣ. 2019ರ ಫೆಬ್ರುವರಿಯ ಪುಲ್ವಾಮಾ ದಾಳಿಯಲ್ಲಿ ಮಡಿದ ಮಂಡ್ಯ ಜಿಲ್ಲೆಯ ಗುಡಿಗೆರೆಯ ಎಚ್. ಗುರು ಅವರನ್ನು ಕರ್ನಾಟಕ ಮರೆತಿಲ್ಲ. ಅವರು ಸಿಆರ್‌ಪಿಎಫ್ ಯೋಧ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳು ಬರುವುದು ಗೃಹ ಸಚಿವಾಲಯದ ಅಡಿಯಲ್ಲಿ. ಅಲ್ಲಿ ನಿವೃತ್ತರಾದವರು ಕಾನೂನಿನ ವ್ಯಾಖ್ಯೆಯ ‘ಮಾಜಿ ಸೈನಿಕ’ ಅಲ್ಲ. ಸೈನಿಕ ಮಂಡಳಿಯ ಪಟ್ಟಿ ನೋಡಿ ಫಲಕ ಕೊಟ್ಟರೆ ಅವರ ಕುಟುಂಬಗಳು ಹೊರಗುಳಿಯುತ್ತವೆ. 2022ರಿಂದ ಸೇರುತ್ತಿರುವ ಅಗ್ನಿವೀರರಿಗೂ ನಾಲ್ಕು ವರ್ಷದ ನಂತರ ಮಾಜಿ ಸೈನಿಕ ಎಂಬ ಸ್ಥಾನವಿಲ್ಲ. ಗೌರವದ ಫಲಕವೊಂದು ಬಂದರೆ ಅದು ಸಿಗದವರ ಪಟ್ಟಿಯೂ ಅದೇ ದಿನ ಸಿದ್ಧವಾಗುತ್ತದೆ.

ಇನ್ನು ಮನೆಯೊಳಗಿನ ಪ್ರಶ್ನೆ. 2023ರ ಜುಲೈನಲ್ಲಿ ಸಿಯಾಚಿನ್‌ನಲ್ಲಿ ಮಡಿದ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಅವರ ಕೀರ್ತಿ ಚಕ್ರವನ್ನು 2024ರ ಜುಲೈನಲ್ಲಿ ಪತ್ನಿ ಮತ್ತು ತಾಯಿ ರಾಷ್ಟ್ರಪತಿಯಿಂದ ಸ್ವೀಕರಿಸಿದರು. ಆಮೇಲೆ ಅವರ ತಂದೆತಾಯಿ ವಾರಸುದಾರರನ್ನು ನಿರ್ಧರಿಸುವ ಸೇನೆಯ ನಿಯಮ ಬದಲಾಗಬೇಕೆಂದು ಬಹಿರಂಗವಾಗಿ ಕೇಳಿದರು. ಸಾಮಾಜಿಕ ಜಾಲತಾಣಗಳಲ್ಲಿ ಚರ್ಚೆ ಹೋದ ದಾರಿ ಮಾತ್ರ ಅಸಹ್ಯವಾಗಿತ್ತು. ಗಂಡನನ್ನು ಕಳೆದುಕೊಂಡ ಮಹಿಳೆ ಎಲ್ಲಿರಬೇಕು, ಹೇಗಿರಬೇಕು ಎಂದು ಸಾವಿರಾರು ಮಂದಿ ಅಪ್ಪಣೆ ಕೊಡತೊಡಗಿದರು. ಹುತಾತ್ಮನ ಗೌರವ ಪತ್ನಿಯದೋ ತಾಯಿಯದೋ ಎಂಬ ಜಗಳಕ್ಕೆ ಒಂದು ನಂಬರ್ ಪ್ಲೇಟನ್ನೂ ಸೇರಿಸಿದರೆ ಏನಾದೀತು ಎಂದು ಊಹಿಸುವುದು ಕಷ್ಟವಲ್ಲ.

ಮರುಮದುವೆಯಾದರೆ? ಶೌರ್ಯ ಪದಕ ಪಡೆದವರ ಪತ್ನಿಗೆ ಸಿಗುವ ಮಾಸಿಕ ಭತ್ಯೆ ಒಂದು ಕಾಲಕ್ಕೆ ಆಕೆ ಮರುಮದುವೆಯಾದರೆ ನಿಲ್ಲುತ್ತಿತ್ತು. ಸತ್ತ ಗಂಡನ ಸಹೋದರನನ್ನೇ ಮದುವೆಯಾದರೆ ಮಾತ್ರ ಮುಂದುವರಿಯುತ್ತಿತ್ತು. ಇಂಥದ್ದೊಂದು ಷರತ್ತನ್ನು ರಕ್ಷಣಾ ಸಚಿವಾಲಯ ಕೈಬಿಟ್ಟಿದ್ದು 2017ರ ನವೆಂಬರ್‌ನಲ್ಲಿ. ಸ್ವಾತಂತ್ರ್ಯ ಬಂದು 70 ವರ್ಷಗಳ ಮೇಲೆ! ಗೌರವದ ಜೊತೆಗೆ ನಡತೆಯ ಷರತ್ತನ್ನು ಅಂಟಿಸುವ ಚಾಳಿ ನಮ್ಮ ಆಡಳಿತಕ್ಕೆ ಎಷ್ಟು ಹಳೆಯದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಊರಿಗೆಲ್ಲ ತಿಳಿಯಬೇಕೇ?

ಫಲಕದ ಪರವಾಗಿ ಹೇಳುವಾಗ ಹೆಚ್ಚಿನವರು ಯೋಚಿಸದ ಒಂದು ಸಂಗತಿ ಸುರಕ್ಷತೆ. ವೀರ ನಾರಿಯ ಕಾರಿಗೆ ಪ್ರತ್ಯೇಕ ಗುರುತು ಇದ್ದರೆ ಅದು ಸಿಗ್ನಲ್‌ನಲ್ಲಿ ನಿಂತ ಪ್ರತಿಯೊಬ್ಬನಿಗೂ ಎರಡು ವಿಷಯ ಹೇಳುತ್ತದೆ. ಈ ಮನೆಯಲ್ಲಿ ಗಂಡನಿಲ್ಲ, ಈ ಮನೆಗೆ ಪರಿಹಾರದ ಹಣ ಬಂದಿದೆ. ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವ ಮಹಿಳೆಗೆ ಇದು ಗೌರವವೋ ಅಪಾಯವೋ? ಅಮೆರಿಕದಲ್ಲಿ ಇಂತಹ ಫಲಕ ಬೇಕಿದ್ದವರು ಅರ್ಜಿ ಹಾಕಿ ಪಡೆಯುತ್ತಾರೆ. ನಮ್ಮಲ್ಲಿ ಒಮ್ಮೆ ಯೋಜನೆ ಬಂದರೆ ಜಿಲ್ಲಾಧಿಕಾರಿ, ಸಚಿವರು, ಕ್ಯಾಮೆರಾ ಎಲ್ಲ ಸೇರಿ ವಿತರಣಾ ಸಮಾರಂಭ ನಡೆಯುತ್ತದೆ. ಬೇಡ ಎನ್ನುವ ಅವಕಾಶ ಆಕೆಗೆ ಎಷ್ಟು ಉಳಿಯುತ್ತದೆ?

ಇನ್ನೊಂದು, ದುರ್ಬಳಕೆ. ‘ಆರ್ಮಿ’, ‘ಪೊಲೀಸ್’, ‘ಪ್ರೆಸ್’ ಎಂದು ಬರೆಸಿಕೊಂಡು ಟೋಲ್‌ನಲ್ಲಿ ಕೈಬೀಸಿ ಹೋಗುವವರಿಗೆ ಯಾವ ರಾಜ್ಯದಲ್ಲೂ ಬರವಿಲ್ಲ. ಸೈನಿಕ ಎಂದು ನಂಬಿಸುವ ಉದ್ದೇಶದಿಂದ ಸಮವಸ್ತ್ರ ಅಥವಾ ಗುರುತು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೂ ಸ್ಟಿಕ್ಕರ್ ಅಂಗಡಿಗಳ ವ್ಯಾಪಾರ ನಿಂತಿಲ್ಲ. ಸರ್ಕಾರಿ ದಾಖಲೆಯಲ್ಲಿ ಪರಿಶೀಲಿಸಬಹುದಾದ ಅಧಿಕೃತ ಸರಣಿ ಇದ್ದರೆ ನಕಲಿಗಳನ್ನು ಹಿಡಿಯುವುದು ಸುಲಭ ಎಂಬ ವಾದದಲ್ಲಿ ತೂಕವಿದೆ. ಫಲಕದ ಪರ ಇರುವ ವಾದಗಳಲ್ಲಿ ಗಟ್ಟಿಯಾದದ್ದು ಇದೇ.

ಸೈನಿಕ ಪರಂಪರೆಗೆ ಕಾನೂನಿನಲ್ಲಿಯೇ ವಿಶೇಷ ಸ್ಥಾನ ಕೊಟ್ಟ ಉದಾಹರಣೆ ಕರ್ನಾಟಕದಲ್ಲಿದೆ. ಕೊಡವರು ಮತ್ತು ಜಮ್ಮಾ ಭೂಮಿ ಹೊಂದಿದವರು ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿಯಿತು. ಒಂದು ಸಮುದಾಯಕ್ಕೆ, ಒಂದು ಬಗೆಯ ಭೂಮಿಗೆ ವಿನಾಯಿತಿ ಸಾಧ್ಯವಿರುವಾಗ ವಾಹನ ನಿಯಮದಲ್ಲಿ ಒಂದು ಅಕ್ಷರ ಸರಣಿಯನ್ನು ಕಾದಿರಿಸುವುದು ಅಸಾಧ್ಯವಲ್ಲ. ಸರ್ಕಾರಿ ವಾಹನಗಳಿಗೆ ‘ಜಿ’ ಅಕ್ಷರ ಮೀಸಲಿರುವುದು ಕರ್ನಾಟಕದಲ್ಲಿ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಹಾಗೆಯೇ ಸೈನಿಕ ಕುಟುಂಬಕ್ಕೆ, ಬಯಸಿದವರಿಗೆ ಮಾತ್ರ, ‘ವಿಧವೆ’ ಎಂದು ಸೂಚಿಸದ ಒಂದು ಸಾಮಾನ್ಯ ಸರಣಿ ಕೊಡಬಹುದು. ಮಾಜಿ ಸೈನಿಕ, ಪತ್ನಿ, ಪತಿ, ತಾಯಿ ಎಲ್ಲರಿಗೂ ಒಂದೇ. ಫಲಕ ತರುವುದೇ ಆದರೆ ಇದಕ್ಕಿಂತ ಸರಳ ದಾರಿಯಿಲ್ಲ.

ಕಾಗದದ ಮೇಲಿನ ಗೌರವ

ಆದರೆ ಫಲಕಕ್ಕೆ ಮೊದಲೇ ಆಗಬೇಕಾದ ಕೆಲಸಗಳು ಆರ್‌ಟಿಒ ಕಚೇರಿಯ ಒಳಗಿವೆ.

ವಾಹನದ ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ತಿಳಿಸಿದರೆ ಮೂರು ತಿಂಗಳು ಆ ವಾಹನವನ್ನು ತಮ್ಮದೇ ಎಂಬಂತೆ ಬಳಸಬಹುದು. ಆ ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ಅರ್ಜಿ ಹಾಕಿ ಹೆಸರು ಬದಲಿಸಿಕೊಳ್ಳಬೇಕು. ಗಡಿಯಿಂದ ಶವಪೆಟ್ಟಿಗೆ ಬಂದ ಮನೆಯಲ್ಲಿ 30 ದಿನ ಎಂದರೆ ಏನು? ಕ್ರಿಯಾಕರ್ಮ ಮುಗಿದಿರುತ್ತದೆ, ಪಿಂಚಣಿಯ ಕಾಗದಪತ್ರ ಶುರುವಾಗಿರುತ್ತದೆ, ಕಾರಿನ ಆರ್‌ಸಿ ಯಾರ ತಲೆಯಲ್ಲೂ ಇರುವುದಿಲ್ಲ. ಆನ್‌ಲೈನ್‌ನಲ್ಲಿ ಮಾಡೋಣವೆಂದರೆ ಒಟಿಪಿ ಹೋಗುವುದು ನೋಂದಣಿಗೆ ಜೋಡಿಸಿದ ಮೊಬೈಲ್‌ಗೆ. ಆ ನಂಬರ್ ಗಂಡನದ್ದು. ಕಾರಿಗೆ ಸಾಲವಿದ್ದರೆ ಬ್ಯಾಂಕಿನ ಪತ್ರ ಬೇರೆ. ನಾಮಿನಿ ಇಲ್ಲದಿದ್ದರೆ ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ಅತ್ತೆ ಮಾವನೊಂದಿಗೆ ಸಂಬಂಧ ಹಳಸಿದ್ದರೆ ಒಂದು ಹಳೆಯ ಕಾರಿನ ಹೆಸರು ಬದಲಾವಣೆಯೂ ವರ್ಷಗಟ್ಟಲೆ ಎಳೆಯಬಹುದು.

ಇದಕ್ಕೆ ಪರಿಹಾರ 2021ರಲ್ಲೇ ಬಂದಿದೆ ಎಂಬುದು ಹೆಚ್ಚಿನವರಿಗೆ ತಿಳಿದಂತಿಲ್ಲ. ಬ್ಯಾಂಕ್ ಖಾತೆಯಲ್ಲಿ ಇರುವಂತೆ ಆರ್‌ಸಿಯಲ್ಲೂ ನಾಮಿನಿಯ ಹೆಸರು ಸೇರಿಸಲು ಕೇಂದ್ರ ಸರ್ಕಾರ ನಿಯಮ ತಿದ್ದಿತು. ಹೊಸ ವಾಹನದ ನೋಂದಣಿಯಲ್ಲೇ ಸೇರಿಸಬಹುದು, ಹಳೆಯದಕ್ಕೆ ಆನ್‌ಲೈನ್‌ನಲ್ಲಿ ನಂತರವೂ ಸೇರಿಸಬಹುದು, ಬದಲಿಸಲೂಬಹುದು. ನಾಮಿನಿ ಇದ್ದರೆ ಹೆಸರು ವರ್ಗಾವಣೆ ಸಲೀಸು. ಆದರೆ ಶೋರೂಂಗಳಲ್ಲಿ ಕಾರಿನ ಬಣ್ಣ, ಸಂಗೀತ ವ್ಯವಸ್ಥೆ, ವಾರಂಟಿ ಬಗ್ಗೆ ಕೇಳಿದಷ್ಟು ನಾಮಿನಿ ಬಗ್ಗೆ ಕೇಳುವವರಿಲ್ಲ. ವಡೋದರಾದ ಸೇನಾ ಶಾಲೆಯಲ್ಲಿ, ಅಹಮದಾಬಾದ್‌ನ ದಂಡು ಪ್ರದೇಶದಲ್ಲಿ, ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ಆರ್‌ಟಿಒ ಸಿಬ್ಬಂದಿ ಒಂದು ದಿನ ಮೇಜು ಹಾಕಿ ಕುಳಿತು ಎಲ್ಲರ ಆರ್‌ಸಿಗೆ ನಾಮಿನಿ ಸೇರಿಸಿದರೆ ಹೊಸ ಕಾನೂನು ಬೇಕಿಲ್ಲ, ಬಜೆಟ್ ಬೇಕಿಲ್ಲ.

ಟೋಲ್ ನಿಯಮದಲ್ಲೂ ತಿದ್ದಬೇಕಾದ ಒಂದು ಸಾಲಿದೆ. 2008ರ ರಾಷ್ಟ್ರೀಯ ಹೆದ್ದಾರಿ ಶುಲ್ಕ ನಿಯಮಗಳ ಪ್ರಕಾರ ಪರಮವೀರ ಚಕ್ರ, ಅಶೋಕ ಚಕ್ರ, ಮಹಾವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ, ಶೌರ್ಯ ಚಕ್ರ ಪಡೆದವರಿಗೆ ಟೋಲ್ ಇಲ್ಲ. ಷರತ್ತು ಒಂದೇ. ಪದಕ ಪಡೆದವರೇ ತಮ್ಮ ಭಾವಚಿತ್ರವಿರುವ ಗುರುತಿನ ಚೀಟಿ ತೋರಿಸಬೇಕು. ಈ ಪದಕಗಳಲ್ಲಿ ಹಲವು ಮರಣೋತ್ತರ. ಅಂತಹ ಪದಕವನ್ನು ರಾಷ್ಟ್ರಪತಿ ಭವನದಲ್ಲಿ ಎರಡೂ ಕೈಯಲ್ಲಿ ಸ್ವೀಕರಿಸಿದ ಪತ್ನಿ ಅಹಮದಾಬಾದ್-ವಡೋದರಾ ಎಕ್ಸ್‌ಪ್ರೆಸ್‌ವೇಯಲ್ಲಿ ಮಗಳನ್ನು ಕಾಲೇಜಿಗೆ ಬಿಡಲು ಹೊರಟರೆ ಟೋಲ್ ಕಟ್ಟಬೇಕು. ಗುರುತಿನ ಚೀಟಿ ತೋರಿಸಬೇಕಾದವರು ಕಾರಿನಲ್ಲಿಲ್ಲ.